ಮೂಲಗೇಣಿಯಿಂದ ಚಾಲಗೇಣಿಗೆ: ಉಡುಪಿ ಸೀಮೆಯ ಅಕ್ಷರ ಜೋಡಣೆಯ ಹಕ್ಕು

2025ರ ಅಕ್ಟೋಬರ್ 20 ನರಕ ಚತುರ್ದಶಿ. ಅಂದು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಹನ್ನೆರಡೂ ಕಾಲು ದಾಟಿದ ಹೊತ್ತಿಗೆ, ಅಮೆರಿಕದ ವರ್ಜೀನಿಯಾದಲ್ಲಿ ಅಮೆಜಾನ್ ವೆಬ್ ಸರ್ವಿಸಸ್ ನಡೆಸುವ ಸರ್ವರ್ ಸಮೂಹವೊಂದು ಕೈಕೊಟ್ಟಿತು. ಡೈನಮೋಡಿಬಿ ಎಂಬ ದತ್ತಾಂಶ ಸೇವೆಯ ವಿಳಾಸಗಳನ್ನು ತಾವಾಗಿಯೇ ತಿದ್ದುವ ಪ್ರೋಗ್ರಾಮುಗಳು ಒಂದರ ಕೆಲಸವನ್ನೊಂದು ಅಳಿಸಿ, ಕೊನೆಗೆ ಆ ಸೇವೆಯ ಹೆಸರಿನ ಮುಂದೆ ವಿಳಾಸವೇ ಇಲ್ಲದಂತೆ ಮಾಡಿದವು. ಅದನ್ನು ನಂಬಿದ್ದ ನೂರಾರು ಕಂಪನಿಗಳ ಸೇವೆ ಗಂಟೆಗಟ್ಟಲೆ ಮುಗ್ಗರಿಸಿತು. ಬ್ರೌಸರಿನಲ್ಲೇ ಪೋಸ್ಟರು, ಆಮಂತ್ರಣ ಮಾಡಿಕೊಡುವ ಕ್ಯಾನ್ವಾ ಅವುಗಳಲ್ಲೊಂದು. ಇನ್ನೂ ಒಂದು ತಿಂಗಳಾಗಿರಲಿಲ್ಲ, ನವೆಂಬರ್ 18ರ ಸಂಜೆ, ಲಕ್ಷಾಂತರ ಜಾಲತಾಣಗಳ ಸಂಚಾರ ಹಾದುಹೋಗುವ ಕ್ಲೌಡ್‌ಫ್ಲೇರ್ ಕೆಟ್ಟಿತು. ಕ್ಯಾನ್ವಾ ಮತ್ತೆ ಸಿಕ್ಕಿಬಿತ್ತು. ಪಡಿತರ ಅಂಗಡಿಯಲ್ಲಿ, ಉಪನೋಂದಣಿ ಕಚೇರಿಯಲ್ಲಿ ‘ಸರ್ವರ್ ಡೌನ್’ ಎಂಬ ಮಾತು ಕೇಳಿ ಕೇಳಿ ಕಿವಿ ಒಗ್ಗಿರುವ ನಮಗೆ ಇದೇನು ದೊಡ್ಡ ಸುದ್ದಿಯಲ್ಲ. ಆದರೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಅಚ್ಚಿನ ಕಸುಬಿನ ಚರಿತ್ರೆಯ ಒಳಗಿಟ್ಟು ನೋಡಿದರೆ ಇದು ಬೇರೆಯದೇ ಸುದ್ದಿ. ಈ ಕಸುಬಿನಲ್ಲಿ ಕೆಲಸ ನಿಲ್ಲುವುದು ಎಂದೂ ಹೊಸದಾಗಿರಲಿಲ್ಲ. ಬದಲಾದದ್ದು ನಿಂತದ್ದನ್ನು ಯಾರು ಸರಿಪಡಿಸಬಲ್ಲರು ಎಂಬುದು. ಅದು ಬದಲಾದದ್ದು ಯಂತ್ರದಿಂದಲ್ಲ, ಲೈಸನ್ಸಿನಿಂದ.

ಮೊಳೆಯ ಕಾಲದಿಂದಲೇ ಆರಂಭಿಸೋಣ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಉಡುಪಿಯಲ್ಲಿ ಪಾವಂಜೆ ಗುರುರಾಯರು ದಾಸರ ಪದಗಳನ್ನೂ ಯಕ್ಷಗಾನ ಪ್ರಸಂಗಗಳನ್ನೂ ಪ್ರಕಟಿಸುತ್ತಿದ್ದಾಗ, ಒಂದು ಪುಟವೆಂದರೆ ಕೈಯಲ್ಲಿ ಜೋಡಿಸಿದ ಸೀಸದ ಅಕ್ಷರಗಳ ಒಂದು ತೂಕ. ಕನ್ನಡದ ಗುಣಿತ, ಒತ್ತಕ್ಷರಗಳಿಗೆಂದು ಕೇಸಿನಲ್ಲಿ ನೂರಾರು ಖಾನೆಗಳು. ಒಂದು ಒತ್ತು ಮುಗಿದುಹೋದರೆ ಕಂಪೋಸಿಟರ್ ಕೈಕಟ್ಟಿ ಕೂರಬೇಕಿತ್ತು. ಸಣ್ಣ ಮುದ್ರಣಾಲಯಗಳಲ್ಲಿ ಇಡೀ ಪುಸ್ತಕಕ್ಕಾಗುವಷ್ಟು ಮೊಳೆ ಇರುತ್ತಲೇ ಇರಲಿಲ್ಲ. ಕೆಲವು ಪುಟ ಅಚ್ಚಾದ ಮೇಲೆ ಮೊಳೆ ಬಿಚ್ಚಿ, ಖಾನೆಗೆ ಹಂಚಿ, ಮುಂದಿನ ಪುಟ ಹಿಡಿಯುವುದು ವಾಡಿಕೆ. ಲೇಖಕ ಕರಡು ತಿದ್ದಿ ಕಳಿಸಲು ತಡಮಾಡಿದರೆ ಅವನ ಪುಟದೊಳಗೆ ಸಿಕ್ಕಿಕೊಂಡ ಅಕ್ಷರಗಳಿಂದಾಗಿ ಇನ್ನೊಬ್ಬನ ಮದುವೆ ಕಾಗದವೂ ನಿಲ್ಲುತ್ತಿತ್ತು. ಹೀಗೆ ಅಡಚಣೆ ದಿನನಿತ್ಯದ ಮಾತಾಗಿತ್ತು. ಅದರ ಪರಿಹಾರ ಮಾತ್ರ ಅಂಗಡಿಯೊಳಗೇ ಇರುತ್ತಿತ್ತು, ಇಲ್ಲವೇ ಪಕ್ಕದ ಬೀದಿಯ ಮುದ್ರಣಾಲಯದಲ್ಲಿ. ಮೊಳೆ ಎರಕ ಹೊಯ್ದವನು ಅಂಗಡಿ ಮುಚ್ಚಿದರೂ ಕೊಂಡವನ ಕೇಸಿನಿಂದ ಒಂದು ಅಕ್ಷರವೂ ಮಾಯವಾಗುತ್ತಿರಲಿಲ್ಲ. ಸವೆದ ಮೊಳೆಯನ್ನು ತೂಕಕ್ಕೆ ಹಾಕಿ ಸೀಸದ ಬೆಲೆಯಾದರೂ ಪಡೆಯಬಹುದಿತ್ತು.

ಮಣಿಪಾಲದ ಕಥೆ ಬೇರೆ ಗಾತ್ರದ್ದು. 1941ರಲ್ಲಿ ಆರಂಭವಾದ ಮಣಿಪಾಲ್ ಪವರ್ ಪ್ರೆಸ್ ಮುಂದೆ ಬ್ಯಾಂಕಿನ ಚೆಕ್ಕು, ಮೊಬೈಲ್ ರೀಚಾರ್ಜ್ ಕಾರ್ಡುಗಳವರೆಗೆ ಬೆಳೆದು, ಇಡೀ ದೇಶಕ್ಕೆ ಭದ್ರತಾ ಮುದ್ರಣ ಮಾಡುವ ಉದ್ಯಮವಾಯಿತು. 1970ರ ದಶಕದ ಆರಂಭದಲ್ಲಿ ‘ಉದಯವಾಣಿ’, 1983ರಲ್ಲಿ ‘ತರಂಗ’ ಅದೇ ಮಣಿಪಾಲದ ಗುಡ್ಡದ ಮೇಲಿಂದ ಹೊರಟವು. ಪಾಶ್ಚಾತ್ಯ ಪ್ರಕಾಶಕರ ಪುಟ ಕಟ್ಟಿಕೊಡುವ ಕೆಲಸವನ್ನೂ ಮಣಿಪಾಲ ಹಿಡಿಯಿತು. ದೊಡ್ಡ ಸಂಸ್ಥೆಗಳಿಗೆ ಎಂಜಿನಿಯರುಗಳಿರುತ್ತಾರೆ, ವಕೀಲರಿರುತ್ತಾರೆ, ಕಂಪನಿಯೊಂದಿಗೆ ಕುಳಿತು ಒಪ್ಪಂದ ಬರೆಸಿಕೊಳ್ಳುವ ಶಕ್ತಿ ಇರುತ್ತದೆ. ಈ ಬರಹದ ಚಿಂತೆ ಅವರದಲ್ಲ. ಭೂತಕೋಲದ ಕರೆಯೋಲೆ, ಕಂಬಳದ ಬ್ಯಾನರು, ಮೇಳದ ಕರಪತ್ರ, ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ ಮಾಡಿಕೊಡುವ ಎರಡು ಕಂಪ್ಯೂಟರಿನ ಅಂಗಡಿಯದ್ದು. ಕಾರ್ಕಳ ತಾಲೂಕಿನ ಕಾಂತಾವರದ ಕನ್ನಡ ಸಂಘದಂತಹ ಹಳ್ಳಿಯ ಸಂಸ್ಥೆಗಳು 1976ರಿಂದೀಚೆಗೆ ಪುಸ್ತಕದ ಮೇಲೆ ಪುಸ್ತಕ ಹೊರತರಲು ಸಾಧ್ಯವಾದುದರ ಹಿಂದೆಯೂ ಕರಾವಳಿಯ ಇಂತಹ ಅಕ್ಷರ ಜೋಡಣೆಯ ಕೈಗಳಿವೆ.

ಆ ಅಂಗಡಿಗಳನ್ನು ಹುಟ್ಟಿಸಿದ್ದು ಪೇಜ್‌ಮೇಕರ್. 1985ರಲ್ಲಿ ಆಲ್ಡಸ್ ಕಂಪನಿ ತಂದ ಈ ಪುಟವಿನ್ಯಾಸದ ಸಾಫ್ಟ್‌ವೇರನ್ನು 1994ರಲ್ಲಿ ಅಡೋಬಿ ಕೊಂಡಿತು. 2001ರ ಏಳನೆಯ ಆವೃತ್ತಿಯೇ ಕೊನೆಯದು. ಅದು ಇಂಗ್ಲಿಷಿಗಾಗಿ ಮಾಡಿದ್ದು. ಕನ್ನಡವನ್ನು ಅದರೊಳಗೆ ಕೂರಿಸಿದವರು ನಮ್ಮವರೇ: ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್‌ನ ಆಕೃತಿ, ಸೊನಾಟಾದ ಪ್ರಕಾಶಕ, ಸರಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ತಂದ ನುಡಿ, 1998ರಲ್ಲಿ ಶೇಷಾದ್ರಿವಾಸು ಅವರ ಬರಹ. ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕನ್ನಡದ ತುಣುಕುಗಳನ್ನಿಟ್ಟು, ತಲೆಕಟ್ಟು, ಕೊಂಬು, ಒತ್ತುಗಳನ್ನು ಒಂದರ ಪಕ್ಕ ಒಂದು ಜೋಡಿಸುವ ಈ ಉಪಾಯ ಮೊಳೆಯ ಕೇಸನ್ನೇ ಕಂಪ್ಯೂಟರಿನೊಳಗೆ ಸಾಗಿಸಿದ ಹಾಗಿತ್ತು. ಲೈಸನ್ಸಿನ ಮೊದಲ ಪಾಠವೂ ಈ ಕಾಲದ್ದೇ. ದುಡ್ಡು ಕೊಟ್ಟು ಕೊಂಡ ಕನ್ನಡ ಸಾಫ್ಟ್‌ವೇರಿನೊಂದಿಗೆ ಬರುತ್ತಿದ್ದ ‘ಲಾಕ್’, ಅಂದರೆ ಕಂಪ್ಯೂಟರಿನ ಹಿಂಭಾಗದ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಪುಟ್ಟ ಡಾಂಗಲ್, ಇಲ್ಲದಿದ್ದರೆ ಅಕ್ಷರ ಮೂಡುತ್ತಿರಲಿಲ್ಲ. ಅದು ಕೆಟ್ಟರೆ, ಕಳೆದರೆ, ಕೆಲಸಗಾರ ಮುನಿಸಿಕೊಂಡು ಕಿಸೆಗೆ ಹಾಕಿಕೊಂಡು ಹೋದರೆ ಅಂಗಡಿ ನಿಂತಂತೆ. ಅನುಮತಿ ಎಂಬುದು ಕಸುಬಿನೊಳಗೆ ಒಂದು ವಸ್ತುವಾಗಿ ಬಂದದ್ದು ಆಗಲೇ. ಆದರೂ ಆ ವಸ್ತು ಅಂಗಡಿಯ ಮೇಜಿನ ಮೇಲೆಯೇ ಇತ್ತು.

ಪೇಜ್‌ಮೇಕರಿಗೆ ಅಷ್ಟೂ ಬೇಕಿರಲಿಲ್ಲ. ಸೀರಿಯಲ್ ನಂಬರು ಒತ್ತಿದರೆ ಸಾಕು, ಮತ್ತೆ ಯಾರನ್ನೂ ಕೇಳುವ ಪ್ರಮೇಯವಿಲ್ಲ. ಅಡೋಬಿ ತನ್ನ ಸಾಫ್ಟ್‌ವೇರ್ ಇಂಟರ್‌ನೆಟ್ ಮೂಲಕ ಕಂಪನಿಗೆ ವರದಿ ಒಪ್ಪಿಸಿ ಸಕ್ರಿಯವಾಗಬೇಕೆಂಬ ಪದ್ಧತಿಯನ್ನು ತಂದದ್ದು ಆಮೇಲೆ, ತನ್ನ ಸಾಫ್ಟ್‌ವೇರುಗಳನ್ನು ಒಟ್ಟಾಗಿ ಮಾರಿದ ಕ್ರಿಯೇಟಿವ್ ಸೂಟ್ ಕಾಲದಲ್ಲಿ. ಆ ಪದ್ಧತಿಯ ಫಲ 2013ರ ಜನವರಿಯ ಹೊತ್ತಿಗೇ ಕಂಡಿತು. ಎರಡನೆಯ ಕ್ರಿಯೇಟಿವ್ ಸೂಟಿನ ಸರ್ವರನ್ನು ಕಂಪನಿ ಮುಚ್ಚಿತು. ಹಣ ಕೊಟ್ಟು ಕೊಂಡವರೂ ಹೊಸ ಕಂಪ್ಯೂಟರಿಗೆ ಅದನ್ನು ಹಾಕಲಾರದೆ ಹೋದಾರೆಂದು, ಸರ್ವರನ್ನು ಕೇಳದ ಪ್ರತಿಯನ್ನು ಕಂಪನಿಯೇ ಹಂಚಬೇಕಾಯಿತು. ತಾನೇ ಹಾಕಿದ ಬೀಗವನ್ನು ತಾನೇ ಒಡೆದ ಪ್ರಸಂಗ ಅದು. ಕಸುಬುದಾರರು ಹಳೆಯ ಪೇಜ್‌ಮೇಕರಿಗೆ ಅಂಟಿಕೊಂಡದ್ದನ್ನು ಸೋಮಾರಿತನ, ಹಿಂದುಳಿದಿರುವಿಕೆ ಎಂದು ಹಲವರು ಟೀಕಿಸಿದ್ದಾರೆ. ಅದರಲ್ಲಿ ಸೋಮಾರಿತನವೂ ಇದ್ದೀತು. ಆದರೆ ಯಾರ ಅಪ್ಪಣೆಯೂ ಬೇಡದ ಸಲಕರಣೆಯನ್ನು ಬಿಟ್ಟುಕೊಡದಿರುವ ವ್ಯವಹಾರ ಜ್ಞಾನವೂ ಇತ್ತೆಂದು ನನ್ನ ಎಣಿಕೆ.

ಇನ್ನು ಕನ್ನಡಕ್ಕೆ ಮಾತ್ರ ಸಂಬಂಧಿಸಿದ ಒಂದು ಕಾಲದ ವಿಪರೀತ. ಯೂನಿಕೋಡ್ ಕನ್ನಡವನ್ನು, ಒತ್ತು ಗುಣಿತಗಳು ಒಡೆಯದಂತೆ, ಪೇಜ್‌ಮೇಕರಿನ ಜಾಗಕ್ಕೆ ಬಂದ ಅಡೋಬಿಯ ಇನ್‌ಡಿಸೈನ್ ಅಧಿಕೃತವಾಗಿ ಜೋಡಿಸತೊಡಗಿದ್ದು 2012ರ ಆರನೆಯ ಕ್ರಿಯೇಟಿವ್ ಸೂಟಿನಲ್ಲಿ. ಹತ್ತು ಭಾರತೀಯ ಭಾಷೆಗಳು ಒಟ್ಟಿಗೆ ಆ ಬಾಗಿಲಲ್ಲಿ ಒಳಬಂದವು. ಮರುವರ್ಷ, 2013ರ ಮೇ ತಿಂಗಳಲ್ಲಿ, ಇನ್ನು ಮುಂದೆ ಪೆಟ್ಟಿಗೆಯಲ್ಲಿ ಮಾರುವ ಹೊಸ ಆವೃತ್ತಿ ಇಲ್ಲ, ಕ್ರಿಯೇಟಿವ್ ಕ್ಲೌಡ್ ಎಂಬ ಚಂದಾ ಮಾತ್ರ ಎಂದು ಕಂಪನಿ ಘೋಷಿಸಿತು. 2017ರ ಜನವರಿಯಲ್ಲಿ ಆರನೆಯ ಸೂಟಿನ ಮಾರಾಟವೂ ನಿಂತಿತು. ಇಂಗ್ಲಿಷಿನ ಮುದ್ರಕನಿಗೆ ಒಮ್ಮೆ ಕೊಂಡು ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ ಸಲಕರಣೆ ಕಾಲು ಶತಮಾನ ದೊರೆತಿತ್ತು. ತನ್ನ ಲಿಪಿಯನ್ನು ಯೂನಿಕೋಡಿನಲ್ಲಿ ಸರಿಯಾಗಿ ಬರೆಯುವ ಅಂತಹದೇ ಸಲಕರಣೆ ಕನ್ನಡದ ಮುದ್ರಕನಿಗೆ ಅಡೋಬಿಯಿಂದ ದೊರೆತದ್ದು ಒಂದೇ ಆವೃತ್ತಿಯಲ್ಲಿ, ಐದು ವರ್ಷದ ಒಂದು ಕಿಂಡಿಯಲ್ಲಿ. ಹಳೆಯ ಸಂಕೇತದ ಅಕ್ಷರಗಳಲ್ಲೇ ಉಳಿದು ಸ್ವತಂತ್ರವಾಗಿರಬೇಕೋ, ಸರಿಯಾದ ಕನ್ನಡಕ್ಕಾಗಿ ಬಾಡಿಗೆ ಕಟ್ಟಬೇಕೋ ಎಂಬ ಆಯ್ಕೆಯನ್ನು ಇಂಗ್ಲಿಷಿನವರು ಎದುರಿಸಲೇ ಇಲ್ಲ. ಯಾರೋ ಸಂಚು ಮಾಡಿದರೆಂದು ಇದರರ್ಥವಲ್ಲ. ಮಾರುಕಟ್ಟೆಯಲ್ಲಿ ಕೊನೆಯ ಸಾಲಿನಲ್ಲಿ ನಿಂತ ಭಾಷೆಗೆ ಬಾಗಿಲು ತೆರೆಯುವ ಹೊತ್ತಿಗೆ ಒಳಗಿನ ನಿಯಮ ಬದಲಾಗಿತ್ತು, ಅಷ್ಟೆ.

ಚಂದಾ ಪದ್ಧತಿಯ ಮೊದಲ ದೊಡ್ಡ ಅಡಚಣೆ ಒಂದು ವರ್ಷದಲ್ಲೇ ಬಂತು. 2014ರ ಮೇ ಮಧ್ಯದಲ್ಲಿ ದತ್ತಸಂಚಯದ ದುರಸ್ತಿ ಕೆಲಸವೊಂದು ತಪ್ಪಿ, ಅಡೋಬಿಯ ಲಾಗಿನ್ ವ್ಯವಸ್ಥೆ ಒಂದು ದಿನಕ್ಕೂ ಹೆಚ್ಚು ಕಾಲ ಸತ್ತಿತ್ತು. ನಮ್ಮ ಲೆಕ್ಕದಲ್ಲಿ ಅದು ಮೇ 15. ಮರುದಿನ, 16ಕ್ಕೆ, ಲೋಕಸಭಾ ಚುನಾವಣೆಯ ಮತ ಎಣಿಕೆ. ಪತ್ರಿಕೆಗಳಿಗೂ ಫ್ಲೆಕ್ಸ್ ಅಂಗಡಿಗಳಿಗೂ ಐದು ವರ್ಷಕ್ಕೊಮ್ಮೆ ಬರುವ ಜಾಗರಣೆಯ ರಾತ್ರಿ. ಇಲ್ಲಿ ಆ ಅಡಚಣೆ ದೊಡ್ಡ ಸದ್ದು ಮಾಡದಿದ್ದುದಕ್ಕೆ ಕಾರಣ ಸರಳ: ಸಣ್ಣ ಅಂಗಡಿಗಳು ಇನ್ನೂ ಹಳೆಯ ಪೇಜ್‌ಮೇಕರಿನಲ್ಲೂ ಹಳೆಯ ಕೋರೆಲ್ ಡ್ರಾದಲ್ಲೂ ಇದ್ದವು. ಬ್ರಿಟನ್ನಿನ ‘ಡೈಲಿ ಮೇಲ್’ ಪತ್ರಿಕೆಯ ಟ್ಯಾಬ್ಲೆಟ್ ಆವೃತ್ತಿ ಮಾತ್ರ ಆ ದಿನ ಹೊರಬರಲು ಪರದಾಡಿತು. ಇಲ್ಲಿ ಗಮನಿಸಬೇಕಾದದ್ದು ಕೆಟ್ಟದ್ದು ಯಾವುದು ಎಂಬುದನ್ನು. ಬಳಕೆದಾರರ ಕಂಪ್ಯೂಟರುಗಳು ಚೆನ್ನಾಗಿದ್ದವು, ಅವುಗಳೊಳಗಿನ ಸಾಫ್ಟ್‌ವೇರೂ ಕೆಟ್ಟಿರಲಿಲ್ಲ. ಈಗಾಗಲೇ ತೆರೆದಿಟ್ಟವರ ಕೆಲಸ ಬಹುಮಟ್ಟಿಗೆ ನಡೆದೇ ಇತ್ತು. ಹೊಸದಾಗಿ ಹಾಕಿಕೊಳ್ಳುವವರು, ಲಾಗಿನ್ ಕಳೆದುಕೊಂಡವರು, ಮೋಡದಲ್ಲಿಟ್ಟ ಕಡತವನ್ನೋ ಬಾಡಿಗೆಯ ಫಾಂಟನ್ನೋ ನಂಬಿದವರು ಹೊರಗುಳಿದರು. ನಿಂತದ್ದು ‘ನೀನು ಚಂದಾ ಕಟ್ಟಿದವನು ಹೌದು’ ಎಂದು ಹೇಳಬೇಕಾದ ದೂರದ ಯಂತ್ರ.

ಈ ಬದಲಾವಣೆಯನ್ನು ಅರ್ಥಮಾಡಿಕೊಳ್ಳಲು ಕರಾವಳಿಯವರಿಗೆ ಹೊರಗಿನ ಉದಾಹರಣೆ ಬೇಡ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಭೂಮಿಯ ಲೆಕ್ಕದಲ್ಲಿ ಒಕ್ಕಲಿನವರು ಎರಡು ಬಗೆ. ಮೂಲಗೇಣಿದಾರ ಭೂಮಿಯ ಒಡೆಯನಲ್ಲ. ಆದರೆ ಅವನ ಗೇಣಿ ನಿಗದಿಯಾದದ್ದು, ಹಕ್ಕು ಮಕ್ಕಳಿಗೆ ಇಳಿಯುವಂಥದ್ದು. ಚಾಲಗೇಣಿದಾರನದು ವರ್ಷದಿಂದ ವರ್ಷಕ್ಕೆ ನಡೆಯುವ ಒಪ್ಪಂದ. ಧಣಿ ಗೇಣಿ ಏರಿಸಬಹುದಿತ್ತು, ಏಳೆಂದರೆ ಏಳಬೇಕಿತ್ತು. ಸಾಫ್ಟ್‌ವೇರನ್ನು ಪೆಟ್ಟಿಗೆಯಲ್ಲಿ ಕೊಂಡ ಕಾಲದಲ್ಲೂ ಯಾರೂ ಅದರ ಒಡೆಯರಾಗಿರಲಿಲ್ಲ. ಬಳಸುವ ಹಕ್ಕಷ್ಟೇ ಅವರದು. ಅದು ಮೂಲಗೇಣಿ. 2013ರ ನಂತರದ್ದು ಚಾಲಗೇಣಿ. ವಾಸ್ತುಶಿಲ್ಪದವರ ಕಡೆಯಲ್ಲೂ ಇದೇ ನಡೆಯಿತು: ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ 2016ರಲ್ಲಿ ಶಾಶ್ವತ ಲೈಸನ್ಸಿನ ಮಾರಾಟ ನಿಲ್ಲಿಸಿ, 2020ರಿಂದ ಕಚೇರಿಗೆ ಒಟ್ಟಾಗಿ ಕೊಡುತ್ತಿದ್ದ ನೆಟ್‌ವರ್ಕ್ ಲೈಸನ್ಸುಗಳನ್ನು ಒಬ್ಬೊಬ್ಬ ವ್ಯಕ್ತಿಯ ಹೆಸರಿಗೆ ಬದಲಿಸತೊಡಗಿತು. 1978ರಿಂದ ವಾಸ್ತುಶಿಲ್ಪ ಕಲಿಸುತ್ತಿರುವ ಮಣಿಪಾಲದಂಥ ಊರಿನಲ್ಲಿ ಓದಿ, ವಿದ್ಯಾರ್ಥಿಗಳಿಗೆ ಉಚಿತವಾಗಿ ಸಿಗುವ ಲೈಸನ್ಸಿನಲ್ಲಿ ಕೈ ಪಳಗಿಸಿಕೊಂಡವರು ಹೊರಬಂದು ಉಡುಪಿಯಲ್ಲಿ ಕಚೇರಿ ತೆರೆದ ದಿನ ವಾರ್ಷಿಕ ಗೇಣಿಯ ಲೆಕ್ಕ ಶುರುವಾಗುತ್ತದೆ.

ಚಾಲಗೇಣಿ ಎಂದಾಗ ಆಕ್ಷೇಪಗಳು ಏಳುವುದು ಸಹಜ. ಮೊದಲನೆಯದು: ಕ್ಲೌಡ್ ಕೆಡುವುದು ವರ್ಷಕ್ಕೆ ಕೆಲವೇ ಗಂಟೆ; ಕರೆಂಟು ಹೋಗುವುದು ಮಳೆಗಾಲದಲ್ಲಿ ದಿನವೂ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ, ಕಾಪು ತಾಲೂಕಿನ ಎಲ್ಲೂರಿನಲ್ಲೇ 1200 ಮೆಗಾವಾಟಿನ ಸ್ಥಾವರವಿದ್ದೂ, ಒಂದು ಮರ ತಂತಿಗೆ ಬಿದ್ದರೆ ಇಡೀ ಪೇಟೆ ಕತ್ತಲು. ಗಂಟೆಗಳನ್ನು ಮಾತ್ರ ಎಣಿಸಿದರೆ ಈ ಆಕ್ಷೇಪ ಗೆಲ್ಲುತ್ತದೆ. ಆದರೆ ಕರೆಂಟಿಗೆ ಅಂಗಡಿಯವನು ಇನ್ವರ್ಟರ್ ಇಟ್ಟ, ಜನರೇಟರ್ ಇಟ್ಟ. ಮೆಸ್ಕಾಂ ಲೈನ್‌ಮ್ಯಾನಿಗೆ ಫೋನು ಮಾಡಿದ. ವರ್ಜೀನಿಯಾದ ಸರ್ವರಿಗೆ ಅವನು ಇಡಬಹುದಾದ ಇನ್ವರ್ಟರ್ ಇಲ್ಲ. ಅಡೋಬಿ ವಾರ್ಷಿಕ ಚಂದಾದಾರರಿಗೆ 99 ದಿನ, ತಿಂಗಳ ಚಂದಾದಾರರಿಗೆ 30 ದಿನ ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡಲು ಬಿಡುತ್ತದೆ ಎಂಬ ಮಾತೂ ನಿಜವೇ. ಅದು ಒಳ್ಳೆಯ ಏರ್ಪಾಡು. 2014ರ ಬಗೆಯ ಅಡಚಣೆಯಲ್ಲಿ ಹೆಚ್ಚಿನವರನ್ನು ಅದೇ ಕಾಯುತ್ತದೆ. ಆದರೆ ಆ ದಿನಗಳನ್ನು ಕೊಡುವುದೂ ಕಡಿತಗೊಳಿಸುವುದೂ ಕಂಪನಿಯ ಇಚ್ಛೆ. ಬ್ರೌಸರಿನೊಳಗೇ ಬದುಕುವ ಸೇವೆಗಳಿಗಂತೂ ಇಂತಹ ಗಡುವಿನ ಆಸರೆಯೂ ತೀರ ಕಡಿಮೆ. ಸರ್ವರ್ ಕೆಟ್ಟು ‘ಹೌದು’ ಎನ್ನದಿರುವುದಕ್ಕೂ, ಸರ್ವರ್ ಚೆನ್ನಾಗಿದ್ದು ‘ಇಲ್ಲ’ ಎನ್ನುವುದಕ್ಕೂ ಬಳಕೆದಾರನ ಕಡೆಯಿಂದ ವ್ಯತ್ಯಾಸವಿಲ್ಲ. ಎರಡೂ ಒಂದೇ ಬಾಗಿಲಲ್ಲಿ ಬರುತ್ತವೆ. 2019ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷರ ಆದೇಶವೊಂದನ್ನು ಮುಂದಿಟ್ಟು ವೆನೆಜುವೆಲಾದ ಎಲ್ಲ ಬಳಕೆದಾರರ ಖಾತೆ ಮುಚ್ಚುವುದಾಗಿ ಅಡೋಬಿ ಸಾರಿತು. ಆ ತಿಂಗಳ ಕೊನೆಗೆ ಅಮೆರಿಕ ಸರಕಾರದ ಅನುಮತಿ ದೊರೆತು ನಿರ್ಧಾರ ಹಿಂದೆ ಸರಿಯಿತು. ದೂರದ ದೇಶದ ಮಾತೆನ್ನುವವರು 2025ರ ಜುಲೈಯನ್ನು ನೆನೆಯಬಹುದು: ಯುರೋಪಿನ ನಿರ್ಬಂಧದ ಕಾರಣಕ್ಕೆ ಗುಜರಾತಿನ ನಯಾರಾ ಎನರ್ಜಿ ಕಂಪನಿಗೆ ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತು, ಕಂಪನಿ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಮರಳಿಸಿತು. ತೈಲ ಕಂಪನಿಗೆ ಹೈಕೋರ್ಟಿಗೆ ಹೋಗುವ ತಾಕತ್ತಿದೆ. ಕಾಪುವಿನ ಫ್ಲೆಕ್ಸ್ ಅಂಗಡಿಗೆ?

ಎರಡನೆಯ ಆಕ್ಷೇಪ ಹೆಚ್ಚು ಮುಜುಗರದ್ದು. ಈ ಅಂಗಡಿಗಳಲ್ಲಿ ಎಷ್ಟು ಮಂದಿ ಪೇಜ್‌ಮೇಕರನ್ನು ದುಡ್ಡು ಕೊಟ್ಟು ಕೊಂಡಿದ್ದರು? ಕದ್ದ ಪ್ರತಿಯಲ್ಲಿ ಕಸುಬು ನಡೆಸಿದವರು ಮೂಲಗೇಣಿಯ ಹಕ್ಕು ಹೋಯಿತೆಂದು ಅಳುವುದು ನ್ಯಾಯವೇ? ಇದನ್ನು ಜಾರಿಸಿ ಹೋಗುವುದು ಸರಿಯಲ್ಲ. ದೇಶದ ಉಳಿದೆಡೆಯಂತೆ ಇಲ್ಲಿಯೂ ಡಿಟಿಪಿ ಬೆಳೆದದ್ದು ಬಹುಪಾಲು ನಕಲಿ ಪ್ರತಿಗಳ ಮೇಲೆ. ಅದು ತನ್ನ ಜಮೀನಿಗೆ ತಾಗಿದ ಸರಕಾರಿ ನೆಲವನ್ನು ಬಳಸುವ ಕುಮ್ಕಿ ಹಕ್ಕೂ ಅಲ್ಲ, ನೇರ ಒತ್ತುವರಿ. ಒಮ್ಮೆಗೇ ಹತ್ತಾರು ಸಾವಿರ ಸುರಿಯಲಾರದವನಿಗೆ ತಿಂಗಳ ಚಂದಾ ನ್ಯಾಯವಾದ ದಾರಿಯೊಂದನ್ನು ತೆರೆಯಿತು ಎಂಬುದೂ ನಿಜ; ಎರಡು ತಿಂಗಳ ಸ್ಮರಣ ಸಂಚಿಕೆಯ ಕೆಲಸಕ್ಕೆ ಎರಡು ತಿಂಗಳ ಬಾಡಿಗೆ ಕೊಟ್ಟು ಬಿಡಬಹುದು. ಆದರೆ ಈ ವಾದದಿಂದ ಸಿದ್ಧವಾಗುವುದು ಕಂತಿನ ಪಾವತಿ ಒಳ್ಳೆಯದೆಂಬುದಷ್ಟೇ. ಕಂತು ಮುಗಿದ ಮೇಲೂ ಹಕ್ಕು ಹುಟ್ಟಬಾರದು ಎಂಬುದು ಅದರಿಂದ ಸಿದ್ಧವಾಗುವುದಿಲ್ಲ. ಹತ್ತು ವರ್ಷ ತಪ್ಪದೆ ಚಂದಾ ಕಟ್ಟಿದ ಪ್ರಾಮಾಣಿಕನೂ ಹನ್ನೊಂದನೆಯ ವರ್ಷ ಕಟ್ಟದಿದ್ದರೆ ತಾನೇ ಮಾಡಿದ ಪುಟವನ್ನು ತಿದ್ದಲಾರ. ಕದ್ದ ಪ್ರತಿಯವನು ಈಗಲೂ ತಿದ್ದುತ್ತಾನೆ. ಸರ್ವರ್ ಕೆಟ್ಟ ದಿನವೂ ನಿಲ್ಲುವವನು ಹಣ ಕೊಟ್ಟವನೇ.

ಮೂರನೆಯ ಆಕ್ಷೇಪ ಚರಿತ್ರೆಯದು: ದೂರದ ಊರನ್ನು ನಂಬುವುದು ಈ ಸೀಮೆಗೆ ಹೊಸತೇ? 1841ರಲ್ಲಿ ಮಂಗಳೂರಿಗೆ ಬಾಸೆಲ್ ಮಿಶನ್ನಿನ ಕಲ್ಲಚ್ಚು ಬಂತು. 1843ರ ಜುಲೈ 1ಕ್ಕೆ ಹೆರ್ಮನ್ ಮೋಗ್ಲಿಂಗ್ ಅದರಲ್ಲೇ ‘ಮಂಗಳೂರ ಸಮಾಚಾರ’ ಹೊರತಂದ. ಒಂದು ವರ್ಷ ತುಂಬುವುದರೊಳಗೆ ಪತ್ರಿಕೆ ಮೊಳೆಯಚ್ಚು ಇದ್ದ ಬಳ್ಳಾರಿಗೆ ಗುಳೆಹೋಯಿತು. ಕಾರ್ಕಳದ ನಂದಳಿಕೆಯ ಮುದ್ದಣ ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದುಕೊಂಡು ಬರೆದ ‘ಶ್ರೀ ರಾಮಾಶ್ವಮೇಧಂ’ ಬೆಳಕು ಕಂಡದ್ದು ಮೈಸೂರಿನ ಪತ್ರಿಕೆಯಲ್ಲಿ. ನಿಜ, ಸ್ವಾವಲಂಬನೆ ಎಂಬ ಸುವರ್ಣಯುಗ ಎಂದೂ ಇರಲಿಲ್ಲ. ಆದರೆ ಬಳ್ಳಾರಿಯಲ್ಲಿ ಅಚ್ಚಾದ ಸಂಚಿಕೆ ಮಂಗಳೂರಿಗೆ ಬಂದ ಮೇಲೆ ಬಳ್ಳಾರಿಯವರು ಅದನ್ನು ಓದದಂತೆ ತಡೆಯಲಾಗುತ್ತಿರಲಿಲ್ಲ. ಅಂದು ದೂರದ ಮೇಲಿನ ಅವಲಂಬನೆ ಕೆಲಸ ಮುಗಿದ ದಿನ ಮುಗಿಯುತ್ತಿತ್ತು. ಇಂದು ಕೆಲಸ ಮುಗಿದ ಮೇಲೂ ಮುಂದುವರಿಯುತ್ತದೆ.

ನಾಲ್ಕನೆಯದೇ ಗಟ್ಟಿಯಾದದ್ದು. ಲಿಪಿಗಳು ಬೆಳೆಯುತ್ತವೆ, ಒಮ್ಮೆ ಕೊಂಡ ಸಾಫ್ಟ್‌ವೇರ್ ಬೆಳೆಯುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿ ಸೇರಿದೆ. ಉಡುಪಿಯ ಅಷ್ಟಮಠಗಳ ತಾಳೆಗರಿಗಳಲ್ಲಿರುವ ಆ ಅಕ್ಷರ ಮುದ್ರಿತ ಪುಟದಲ್ಲಿ ಸರಿಯಾಗಿ ಕೂರಬೇಕಾದರೆ ಹೊಸ ಸಾಫ್ಟ್‌ವೇರ್ ಬೇಕು. 2012ರ ಪೆಟ್ಟಿಗೆಯನ್ನು ಅಪ್ಪಿಕೊಂಡವನಿಗೆ ಅದು ದಕ್ಕದು. ಹಾಗಾದರೆ ನಿರಂತರ ಬಾಡಿಗೆಯೇ ನಿರಂತರ ಬೆಳವಣಿಗೆಯ ಬೆಲೆಯಲ್ಲವೇ? ಉತ್ತರ ಇನ್‌ಡಿಸೈನಿನ ಒಳಗೇ ಇದೆ. ಭಾರತೀಯ ಲಿಪಿಗಳ ಒತ್ತು ಗುಣಿತಗಳನ್ನು ಕೂರಿಸಲು ಅದು ಕೆಲವು ವರ್ಷಗಳಿಂದ ಬಳಸುತ್ತಿರುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶವನ್ನು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಫೋನು, ಲಿಬ್ರೆಆಫೀಸ್ ಎಲ್ಲದರಲ್ಲೂ ಇರುವುದು ಅದೇ. ಪುಟವಿನ್ಯಾಸದ ಉಚಿತ ಸಾಫ್ಟ್‌ವೇರ್ ಸ್ಕ್ರೈಬಸ್ ಕೂಡ 2017ರಿಂದ ಅದನ್ನೇ ನೆಚ್ಚಿದೆ. ಅಂದರೆ ಕನ್ನಡವನ್ನು ಸರಿಯಾಗಿ ಬರೆಯುವ ಭಾಗಕ್ಕೆ ಯಾರೂ ಬಾಡಿಗೆ ಕೇಳುತ್ತಿಲ್ಲ. ಬಾಡಿಗೆ ಅದರ ಸುತ್ತ ಕಟ್ಟಿದ ಮನೆಗೆ. ಸ್ಕ್ರೈಬಸ್ ಇನ್ನೂ ಇನ್‌ಡಿಸೈನಿನಷ್ಟು ನಯವಾಗಿಲ್ಲ, ಬಣ್ಣದ ಪತ್ರಿಕೆಯೊಂದನ್ನು ದಿನವೂ ಅದರಲ್ಲಿ ಕಟ್ಟುವೆನೆನ್ನುವವನು ಸಾಹಸಿ. ಆದರೆ ಹಾಡಿನ ಪುಸ್ತಕ, ಪ್ರಸಂಗದ ಪುಸ್ತಕಕ್ಕೆ ಅದು ಸಾಕು.

ಈ ಬಗೆಯ ಹಂಚಿಕೆ ಉಡುಪಿ ಸೀಮೆಗೆ ಹೊರಗಿನಿಂದ ಬಂದ ಆದರ್ಶವೂ ಅಲ್ಲ. ಟಾಟಾ ಪ್ರೆಸ್, ಮೋನೋಟೈಪ್‌ಗಳಲ್ಲಿ ಅಕ್ಷರ ಜೋಡಣೆಯ ತಂತ್ರವನ್ನು ಅರೆದು ಕುಡಿದ, ಕರಾವಳಿಯವರೇ ಆದ ಕೆ. ಪಿ. ರಾವ್ ಕನ್ನಡಕ್ಕಾಗಿ ರೂಪಿಸಿದ ಸಾಫ್ಟ್‌ವೇರಿಗೆ ಛಂದಸ್ಸಿನ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು, ಉಚಿತವಾಗಿ ಕೊಟ್ಟರು. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡವನ್ನು, ನಾವು ಉಚ್ಚರಿಸುವ ಕ್ರಮದಲ್ಲೇ, ಮೂಡಿಸುವ ಅವರ ಕೀಲಿಮಣೆಯ ವಿನ್ಯಾಸ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ರಾಜ್ಯ ಸರಕಾರದ ಅಧಿಕೃತ ವಿನ್ಯಾಸವಾಯಿತು. ಇಂದು ನುಡಿಯಲ್ಲಿ ಬೆರಳಾಡಿಸುವ ಗುಮಾಸ್ತನೂ ಅದನ್ನೇ ಬಳಸುತ್ತಾನೆ, ಯಾರಿಗೂ ಗೇಣಿ ಕಟ್ಟದೆ. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶದ ದಾರಿ ಬೇರೆಯಾಯಿತು: ಉಚಿತವಾಗಿ ಆರಂಭವಾಗಿ, ವರ್ಷಗಳ ಬಳಿಕ ಹಣ ಕೊಟ್ಟು ಪಡೆಯುವ ಆವೃತ್ತಿಯತ್ತ ಸರಿಯಿತು. ಅದು ಮಾಡಿದವರ ಹಕ್ಕು. ಒಬ್ಬರೇ ಹೊತ್ತ ಕೆಲಸಕ್ಕೆ ಖರ್ಚು ಇದ್ದೇ ಇರುತ್ತದೆ. ಆದರೆ ಕೀಲಿಮಣೆಯ ವಿನ್ಯಾಸದಂತೆ ಎಲ್ಲರ ಸೊತ್ತಾದದ್ದನ್ನು ಯಾವ ಕಂಪನಿಯ ಬೆಲೆಪಟ್ಟಿಯೂ ಮುಟ್ಟಲಾರದು ಎಂಬುದನ್ನು ಇವೆರಡನ್ನೂ ಅಕ್ಕಪಕ್ಕ ಇಟ್ಟಾಗ ಕಾಣಬಹುದು. ಚಾಲಗೇಣಿಯವರಿಗೆ 1974ರ ಮಾರ್ಚ್ 1ರಂದು ಕಾನೂನು ಬಂದು ಹಕ್ಕು ಕೊಟ್ಟಿತು. ಸಾಫ್ಟ್‌ವೇರಿನ ಒಕ್ಕಲುಗಳಿಗೆ ಅಂತಹ ಶಾಸನವನ್ನು ಯಾರೂ ತರುವ ಸೂಚನೆಯಿಲ್ಲ. ಒಮ್ಮೆ ಕೊಂಡರೆ ಮುಗಿಯಿತೆಂದು ಹೆಸರಾಗಿದ್ದ ವಿನ್ಯಾಸದ ಸಾಫ್ಟ್‌ವೇರ್ ಅಫಿನಿಟಿಯನ್ನೂ 2024ರಲ್ಲಿ ಕ್ಯಾನ್ವಾ ಕೊಂಡು, ಮರುವರ್ಷ ಅದನ್ನು ಉಚಿತಗೊಳಿಸಿ, ಬಳಸಲು ತನ್ನ ಖಾತೆ ಬೇಕೆಂದಿತು. ಬೆಲೆ ಸೊನ್ನೆ, ಬಾಗಿಲಲ್ಲಿ ಕಾವಲು.

ಈ ವ್ಯವಸ್ಥೆಯನ್ನು ಅಳೆಯಲು ಉಡುಪಿಯ ಬಳಿ ಬೇರೆಲ್ಲೂ ಇಲ್ಲದ ಒಂದು ಅಳತೆಗೋಲಿದೆ, ಪರ್ಯಾಯ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಕೃಷ್ಣಪೂಜೆ ದಾಟುತ್ತದೆ. ಎಂಟು ಮಠ ಸುತ್ತಿ ಅದೇ ಮಠಕ್ಕೆ ಬರುವಾಗ 16 ವರ್ಷ. ಶೀರೂರು ಮಠದ 2010ರ ಪರ್ಯಾಯದ ಹೊತ್ತಿಗೆ ಅಡೋಬಿ ಇನ್ನೂ ಪೆಟ್ಟಿಗೆ ಮಾರುತ್ತಿತ್ತು. 2026ರ ಪರ್ಯಾಯದ ಹೊತ್ತಿಗೆ ಪೆಟ್ಟಿಗೆ ಎಂಬುದೇ ಇಲ್ಲ. ಒಂದೇ ಸುತ್ತಿನೊಳಗೆ ಒಂದು ಜೋಡಣೆಯ ಕಾಲ ಮುಗಿದು ಇನ್ನೊಂದು ಬಂದಿದೆ. ಪೇಜ್‌ಮೇಕರ್ ಕಡತವನ್ನು ತೆರೆಯುವ ಸೌಕರ್ಯವನ್ನು ಅಡೋಬಿ ಆರನೆಯ ಸೂಟಿನವರೆಗೆ ಮಾತ್ರ ಉಳಿಸಿತು. ತಿಂಗಳು ತಿಂಗಳು ಚಂದಾ ಕಟ್ಟುವವನ ಇನ್‌ಡಿಸೈನ್ ಅದೇ ಕಂಪನಿಯ ಹಳೆಯ ಕಡತವನ್ನು ಗುರುತಿಸುವುದಿಲ್ಲ. ಲಿಬ್ರೆಆಫೀಸ್ ಗುರುತಿಸುತ್ತದೆ. 2015ರಲ್ಲಿ ಬಂದ ಅದರ 4.4ನೆಯ ಆವೃತ್ತಿಯಿಂದ ಪೇಜ್‌ಮೇಕರ್ ಕಡತ ತೆರೆಯುವ ಸೌಕರ್ಯವಿದೆ, ಸ್ವಯಂಸೇವಕರು ಬರೆದದ್ದು. ಪುಟದ ಅಂದ ಅಲ್ಲಲ್ಲಿ ಕದಲುತ್ತದೆ. ನುಡಿ, ಶ್ರೀಲಿಪಿಯ ಹಳೆಯ ಸಂಕೇತದಲ್ಲಿರುವ ಅಕ್ಷರವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಿರುಗಿಸಬೇಕು, ಅರ್ಕಾವತ್ತು ಒತ್ತುಗಳು ತಪ್ಪಿದಲ್ಲಿ ಕರಡು ಮತ್ತೆ ನೋಡಬೇಕು. 2028ರ ಜನವರಿಗೆ ಸೋದೆ ಮಠದ ಸರದಿ. ಅದರ 2012ರ ಪರ್ಯಾಯದ ಆಮಂತ್ರಣ, ಸ್ಮರಣ ಸಂಚಿಕೆಗಳ ಕಡತ ಉಡುಪಿಯ ಯಾವುದಾದರೂ ಅಂಗಡಿಯ ಸಿಡಿಯಲ್ಲಿ ಉಳಿದಿದ್ದರೆ, ಹೀಗೆ ಇಳಿಸಿಕೊಂಡು ಒಂದು ಪಿಡಿಎಫ್ ಪ್ರತಿ, ಒಂದು ಯೂನಿಕೋಡ್ ಪಠ್ಯದ ಪ್ರತಿ ಮಾಡಿ ಮಠಕ್ಕೊಂದು, ಅಂಗಡಿಗೊಂದು ಇಟ್ಟುಕೊಳ್ಳಲು ಇನ್ನೂ ಸಮಯವಿದೆ.